ಟ್ಯೂಬಿಂಗನ್ನಿಗೆ ಯಾವ ಋತುವಿನಲ್ಲಿ?

ತಾಂಡ್ಯದ ಆಸುಪಾಸಿನ ನಿವೃತ್ತ ಕನ್ನಡ ಪಂಡಿತರೊಬ್ಬರಿಗೆ ಜರ್ಮನಿಯ ಟ್ಯೂಬಿಂಗನ್ ನಗರವನ್ನು ಒಮ್ಮೆ ಕಾಣಬೇಕೆಂಬ ಹಂಬಲ ಬಹುಕಾಲದ್ದು. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕನ್ನಡ-ಇಂಗ್ಲಿಷ್ ನಿಘಂಟಿನ ಕರ್ತೃ ಫರ್ಡಿನೆಂಡ್ ಕಿಟೆಲ್ಲರಿಗೆ 1896ರಲ್ಲಿ ಡಾಕ್ಟರೇಟ್ ಪದವಿಯಿತ್ತು ಗೌರವಿಸಿದ್ದು ಅಲ್ಲಿಯ ವಿಶ್ವವಿದ್ಯಾಲಯ. 1903ರ ಡಿಸೆಂಬರಿನಲ್ಲಿ ಅವರು ಕಣ್ಮುಚ್ಚಿದ್ದೂ ಆ ಊರಿನಲ್ಲಿಯೇ. ಮರಿಯಪ್ಪ ಭಟ್ಟರು ಪರಿಷ್ಕರಿಸಿದ ಅದರ ಸಂಪುಟಗಳು ಪಂಡಿತರ ಮೇಜಿನ ಮೇಲೆ ಸವೆದುಹೋಗಿದ್ದವು. ಉದ್ಯೋಗ ನಿಮಿತ್ತ ಅಲ್ಲಿಯೇ ನೆಲೆಸಿದ್ದ ಮಗಳು, “ಅಪ್ಪಾಜಿ, ಅವ್ವನನ್ನು ಕರೆದುಕೊಂಡು ಬನ್ನಿ, ಯಾವ ತಿಂಗಳೆಂದು ನೀವೇ ಹೇಳಿ” ಎಂದಾಗ, ಹೋಗುವುದೋ ಬೇಡವೋ ಎಂಬುದಕ್ಕಿಂತ ಯಾವಾಗ ಎಂಬ ಪ್ರಶ್ನೆಯೇ ಕಠಿಣವಾಯಿತು.

ಪಂಡಿತರ ಒಲವು ಡಿಸೆಂಬರಿನ ಕಡೆಗೆ. ಕಿಟೆಲ್ಲರು ತೀರಿಕೊಂಡ ತಿಂಗಳಲ್ಲಿಯೇ ಅಲ್ಲಿ ನಿಲ್ಲಬೇಕೆಂಬುದು ಅವರ ಆಸೆ. ಆ ತಿಂಗಳ ಮೊದಲ ದಿನಗಳಲ್ಲಿ ಹಳೆಯ ಪೇಟೆಯಲ್ಲಿ ಚಾಕೊಲೇಟಿನ ಸಂತೆ ನೆರೆಯುತ್ತದೆ. ಅದಕ್ಕಾಗಿಯೇ ಹೋಗುವವರೂ ಉಂಟು, ಅವರನ್ನು ತಪ್ಪೆನ್ನಲಾಗದು. ಆದರೆ ಅಲ್ಲಿ ಆಗ ಸೂರ್ಯೋದಯ ಬೆಳಗಿನ ಎಂಟರ ಮೇಲೆ, ಅಸ್ತಮಾನ ಸಂಜೆ ನಾಲ್ಕೂವರೆಯ ಹೊತ್ತಿಗೆ. ನಂಜನಗೂಡಿನ ಬಿಸಿಲಿಗೆ ಒಗ್ಗಿದ, ಉಬ್ಬಸದಿಂದ ಬಳಲುವ ಹಿರಿಯ ಗೃಹಿಣಿಗೆ ಆ ಚಳಿ ಸುಲಭದ ಮಾತಲ್ಲ. ಬೆಟ್ಟದ ಓರೆಯಲ್ಲಿ ಕಟ್ಟಿದ ಹಳೆಯ ಊರಾದ್ದರಿಂದ ಕಲ್ಲು ಹಾಸಿದ ಏರುಬೀದಿಗಳೇ ಹೆಚ್ಚು. ಹಿಮ ಬಿದ್ದರೆ ಕಾಲಿಡುವುದೂ ಕಷ್ಟ.

ಬೇಸಗೆಯ ದೀರ್ಘರಜೆಯಲ್ಲಿ ಬಂದರೆ ಮೊಮ್ಮಗನೂ ಮನೆಯಲ್ಲಿರುತ್ತಾನೆಂದು ಮಗಳು ಸೂಚಿಸಿದಳು. ಆ ರಜೆ ಜುಲೈ ಕೊನೆಯಿಂದ ಸೆಪ್ಟೆಂಬರ್ ಮೊದಲ ಭಾಗದವರೆಗೆ. ಇತ್ತ ಕಬಿನಿಯ ನಾಲೆಗೆ ನೀರು ಬಿಟ್ಟು ಗದ್ದೆಗಳಲ್ಲಿ ನಾಟಿ ನಡೆಯುವುದೂ ಆ ಕಾಲದಲ್ಲಿಯೇ. ಆಳು ಸಿಗದ ಈ ದಿನಗಳಲ್ಲಿ ಒಡೆಯನಿಲ್ಲದ ನಾಟಿಯೆಂದರೆ ಏನೆಂಬುದನ್ನು ಕೃಷಿಕರ ಮನೆಯವರಿಗೆ ವಿವರಿಸಬೇಕಾಗಿಲ್ಲ.

ಮೇ ಕೊನೆ ಮತ್ತು ಜೂನ್ ಉಳಿದವು. ಅಲ್ಲಿಯ ಶಾಲೆಗಳಿಗೆ ಆಗ ಎರಡು ವಾರಗಳ ರಜೆಯುಂಟು. ಮಳೆ ಬರುವುದುಂಟಾದರೂ ರಾತ್ರಿ ಒಂಬತ್ತು ದಾಟಿದರೂ ಬೆಳಕಿರುತ್ತದೆ. ನೆಕ್ಕರ್ ನದಿಯಲ್ಲಿ ಉದ್ದನೆಯ ಗಳುವಿನಿಂದ ನೂಕುವ ದೋಣಿಗಳು ಓಡಾಡುತ್ತವೆ. ತೊಂಬತ್ತು ದಿನಗಳೊಳಗಿನ ವೀಸಾ ಸಾಕು, ನಾಟಿಗೆ ಮೊದಲೇ ಹಿಂದಿರುಗಬಹುದು.

ಡಿಸೆಂಬರನ್ನು ಬಿಡಲು ಪಂಡಿತರಿಗೆ ಮನಸ್ಸಾಗಲಿಲ್ಲ. ಆಗ ಅವರ ಪತ್ನಿ, “ಅವರು ಸತ್ತ ದಿನ ಹುಡುಕಿಕೊಂಡು ಹೋಗಿ ಕತ್ತಲಲ್ಲಿ ಏನು ನೋಡುತ್ತೀರಿ? ಅವರ ಪುಸ್ತಕವನ್ನು ನೀವು ಓದಿದ್ದು ಬೆಳಕಿನಲ್ಲಿ ತಾನೆ?” ಎಂದರು. ಪಂಡಿತರು ಉತ್ತರಿಸಲಿಲ್ಲ. ಮರುದಿನ ಒಟ್ಟಲು ಹಾಕುವ ಹೊಣೆಯನ್ನು ತಮ್ಮನ ಮಗನಿಗೆ ವಹಿಸಿ, ಮೇ ಕೊನೆಯ ವಾರಕ್ಕೆ ಟಿಕೆಟ್ ಮಾಡಿಸಲು ಮಗಳಿಗೆ ತಿಳಿಸಿದರು. ಆಕೆ ಮಾತ್ರ ಎರಡು ಉಣ್ಣೆಯ ಶಾಲುಗಳನ್ನು ಪೆಟ್ಟಿಗೆಯ ತಳದಲ್ಲಿ ಇಟ್ಟೇ ಬಿಟ್ಟರು.