ಖಾಲಿ ರಸ್ತೆಯ ಬೆಲೆ

ಫ್ರಾನ್ಸಿನ ಬರ್ಗಂಡಿ ಪ್ರಾಂತದಲ್ಲಿ ನೆಲೆಸಿರುವ ಕನ್ನಡದ ಗೆಳೆಯರೊಬ್ಬರು ಈಚೆಗೆ ಬರೆದ ದೀರ್ಘ ಪತ್ರದಲ್ಲಿ ತಮ್ಮ ಸೈಕಲ್ ಪ್ರವಾಸವನ್ನು ವರ್ಣಿಸಿದ್ದರು. ದ್ರಾಕ್ಷಿ ತೋಟಗಳ ನಡುವೆ, ಹಳೆಯ ಇಗರ್ಜಿಗಳ ನೆರಳಿನಲ್ಲಿ ಎರಡು ದಿನ ಸಾಗಿದರಂತೆ. ಬೆನ್ನ ಹಿಂದೆ ಒಮ್ಮೆಯೂ ಹಾರ್ನಿನ ಸದ್ದು ಕೇಳಲಿಲ್ಲವಂತೆ. ಪತ್ರದ ಕೊನೆಗೆ ಒಂದು ಪ್ರಶ್ನೆಯಿತ್ತು: ‘ನಿಮ್ಮ ಪುಣೆಯ ಸುತ್ತ ಇಂಥ ರಸ್ತೆ ಉಂಟೆ?’ ಉಂಟು ಎಂದೂ ಇಲ್ಲ ಎಂದೂ ಒಂದೇ ಉಸಿರಿನಲ್ಲಿ ಹೇಳಬೇಕಾದ ಪ್ರಶ್ನೆ ಇದು. ಹನ್ನೆರಡು ವರ್ಷಗಳಿಂದ ಪ್ರತಿ ಭಾನುವಾರವೂ ಈ ಊರಿನ ಹೊರವಲಯದ ರಸ್ತೆಗಳಲ್ಲಿ ಸೈಕಲ್ ತುಳಿಯುತ್ತಿರುವ ನನಗೆ ಇದರ ಉತ್ತರ ಒಂದು ವಾಕ್ಯದಲ್ಲಿ ಮುಗಿಯುವುದಿಲ್ಲ.

ಗೆಳೆಯರು ಸಾಗಿದ್ದು ಜಿವ್ರಿಯಿಂದ ಕ್ಲೂನಿಯವರೆಗಿನ ಸುಮಾರು 44 ಕಿಲೋಮೀಟರಿನ ದಾರಿ. ಅದು ಒಂದು ಕಾಲಕ್ಕೆ ರೈಲು ಹಾದಿ. ರೈಲು ನಿಂತುಹೋದ ಮೇಲೆ ಹಳಿ ಕಿತ್ತು, ನುಣುಪು ಮಾಡಿ, 1997ರಲ್ಲಿ ನಡೆಯುವವರಿಗೂ ಸೈಕಲ್ಲಿನವರಿಗೂ ಬಿಟ್ಟುಕೊಟ್ಟರು. ಫ್ರೆಂಚರು ಇಂಥ ದಾರಿಗೆ ‘ಹಸಿರು ಹಾದಿ’ ಎಂಬ ಅರ್ಥದ ಹೆಸರಿಟ್ಟಿದ್ದಾರೆ. ಅವರ ಸಂಚಾರ ನಿಯಮಗಳಲ್ಲಿ 2004ರಿಂದ ಅದಕ್ಕೆ ಪ್ರತ್ಯೇಕ ಸ್ಥಾನವಿದೆ. ಹಸಿರು ಹಾದಿಗಳಷ್ಟೇ ಅಲ್ಲ, ಆ ದೇಶದ ಸಾಮಾನ್ಯ ಹಳ್ಳಿ ರಸ್ತೆಗಳೂ ಬಹುಪಾಲು ಶಾಂತವಾಗಿಯೇ ಇರುತ್ತವೆ. ಕಾರಣ ಸರಳ. ಅಲ್ಲಿನ ರಸ್ತೆಗಳ ಒಟ್ಟು ಉದ್ದ 10 ಲಕ್ಷ ಕಿಲೋಮೀಟರಿಗೂ ಮಿಕ್ಕಿದ್ದು. ಅದರಲ್ಲಿ ಹೆಚ್ಚಿನ ಪಾಲು ಊರಿನಿಂದ ಊರಿಗೆ ಹೆಣೆದ ಚಿಕ್ಕ ದಾರಿಗಳು. ಅವಸರದ ವಾಹನಗಳು ಹೆದ್ದಾರಿ ಹಿಡಿಯುತ್ತವೆ. ಇನ್ನೊಂದು ಕಾರಣವನ್ನು ಪ್ರವಾಸದ ಪುಸ್ತಕಗಳು ಹೇಳುವುದಿಲ್ಲ: ಆ ಹಳ್ಳಿಗಳ ಜನ ಒಂದೂವರೆ ಶತಮಾನದಿಂದ ಪಟ್ಟಣ ಸೇರುತ್ತಲೇ ಬಂದಿದ್ದಾರೆ. ರಸ್ತೆ ಉಳಿಯಿತು, ಅದರ ಮೇಲೆ ಓಡಾಡುವವರು ಕಡಿಮೆಯಾದರು.

ಸೈಕಲ್ಲಿನ ಮೇಲೆ ಸುಮ್ಮನೆ ಊರು ನೋಡಲು ಹೊರಡುವ ಹವ್ಯಾಸಕ್ಕೆ ಒಂದು ಶಾಸ್ತ್ರವನ್ನೇ ಕಟ್ಟಿದವರೂ ಫ್ರೆಂಚರೇ. ಸಾಂತ್ ಎಟಿಯೆನ್ ಪಟ್ಟಣದ ಪೋಲ್ ದ ವಿವಿ ಎಂಬ ರೇಷ್ಮೆ ವ್ಯಾಪಾರಿ 1887ರಲ್ಲಿ ಸೈಕಲ್ಲಿಗಾಗಿಯೇ ಒಂದು ಪತ್ರಿಕೆ ಆರಂಭಿಸಿದ. ವೆಲೊಸಿಯೊ ಎಂಬ ಕಾವ್ಯನಾಮದಲ್ಲಿ ಬರೆಯುತ್ತಿದ್ದ ಆತ, ಪಂದ್ಯದ ವೇಗಕ್ಕಿಂತ ಪ್ರವಾಸದ ಹದ ದೊಡ್ಡದೆಂದು ವಾದಿಸಿದ. ಗುಡ್ಡ ಏರಲು ಹಲವು ಗೇರುಗಳು ಬೇಕೆಂದು ಜೀವಮಾನವಿಡೀ ಪಟ್ಟು ಹಿಡಿದ. ಆ ಪರಂಪರೆಯ ಒಂದು ಫ್ರೆಂಚ್ ಪದ ಇಂದು ಪುಣೆಯ ಚಹಾದ ಟಪರಿಗಳಲ್ಲೂ ಕೇಳಿಬರುತ್ತದೆ: ‘ಬ್ರೆವೆ’. 200 ಕಿಲೋಮೀಟರನ್ನು ಹದಿಮೂರೂವರೆ ತಾಸಿನೊಳಗೆ ಮುಗಿಸಬೇಕು. ನಡುವಿನ ಠಾಣೆಗಳಲ್ಲಿ ಕಾರ್ಡಿಗೆ ಮುದ್ರೆ ಒತ್ತಿಸಿಕೊಳ್ಳಬೇಕು. ಯಾರೂ ಗೆಲ್ಲುವುದಿಲ್ಲ, ಯಾರೂ ಸೋಲುವುದಿಲ್ಲ. ಪ್ಯಾರಿಸ್ಸಿನ ಹಳೆಯ ಸಂಘವೊಂದರ ಈ ನಿಯಮಕ್ಕೆ ಕಟ್ಟುಬಿದ್ದು ಸಾತಾರಾ ರಸ್ತೆಯ ಪೆಟ್ರೋಲ್ ಪಂಪಿನಲ್ಲಿ ನಡುರಾತ್ರಿ ಮುದ್ರೆ ಒತ್ತಿಸಿಕೊಳ್ಳುವ ಮರಾಠಿ, ಕನ್ನಡ, ತಮಿಳು ಮಾತಿನ ಜನರನ್ನು ಕಂಡರೆ ವೆಲೊಸಿಯೊ ನಿಶ್ಚಯವಾಗಿಯೂ ಸಂತೋಷಪಡುತ್ತಿದ್ದ.

ಆದರೆ ಪುಣೆಯ ಖಾಲಿ ರಸ್ತೆ ಭೂಪಟದಲ್ಲಿ ಸಿಗುವಂಥದಲ್ಲ, ಗಡಿಯಾರದಲ್ಲಿ ಸಿಗುವಂಥದು. ಬೆಳಗಿನ ಐದಕ್ಕೆ ಮನೆ ಬಿಟ್ಟವನಿಗೆ ಸಿಂಹಗಡದ ರಸ್ತೆ ತನ್ನದೇ ಅಂಗಳ. ಖಡಕವಾಸಲಾ ಅಣೆಕಟ್ಟಿನ ಬಳಿ ಬರುವಷ್ಟರಲ್ಲಿ ಮೂಡಣ ತಿಳಿಯಾಗುತ್ತದೆ. ಕನ್ನಡಿಗನಾದವನು ಇಲ್ಲಿ ಒಂದು ಕ್ಷಣ ಕಾಲು ಊರಬೇಕು. ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಎಂಜಿನಿಯರಿಂಗ್ ಕಲಿತ ನಮ್ಮ ವಿಶ್ವೇಶ್ವರಯ್ಯನವರು ತಾವು ರೂಪಿಸಿದ ಸ್ವಯಂಚಾಲಿತ ಗೇಟುಗಳನ್ನು ಮೊದಲು ಅಳವಡಿಸಿದ್ದು ಈ ಜಲಾಶಯಕ್ಕೆ, 1903ರಲ್ಲಿ. ಕೃಷ್ಣರಾಜಸಾಗರದ ಕನಸಿಗಿಂತ ಬಹಳ ಮುಂಚೆ. 1961ರ ಜುಲೈ 12ರಂದು ಮೇಲಿನ ಪಾನಶೇತ ಅಣೆಕಟ್ಟು ಒಡೆದಾಗ ಈ ಹಳೆಯ ಕಟ್ಟೆಯೂ ತಾಳಲಿಲ್ಲ. ನಾವು ಇಂದು ನೋಡುವುದು ಆಮೇಲೆ ಮತ್ತೆ ಕಟ್ಟಿದ್ದನ್ನು. ಇಲ್ಲಿಂದ ಮುಂದೆ ಸಿಂಹಗಡದ ತಿರುವನ್ನು ಎಡಕ್ಕೆ ಬಿಟ್ಟು ಖಾನಾಪುರದ ಮೇಲಿಂದ ಪಾನಶೇತದತ್ತ ಸಾಗುವ ದಾರಿ ಹಿನ್ನೀರಿನ ಅಂಚು ಹಿಡಿದೇ ಹೋಗುತ್ತದೆ. ಮಳೆಗಾಲ ಕಳೆದ ಹೊಸತರಲ್ಲಿ ಇಳಿಜಾರುಗಳಲ್ಲಿ ಗುರೆಳ್ಳಿನ ಹಳದಿ ಹೂವು. ಸಣ್ಣ ಏರು, ಸಣ್ಣ ಇಳುಕಲು, ಎಲ್ಲಿಯೂ ಎದೆ ಒಡೆಯುವ ದಿಬ್ಬವಿಲ್ಲ. ಬರ್ಗಂಡಿಗಿಂತ ಇದು ಯಾವುದರಲ್ಲಿ ಕಡಿಮೆ?

ಕಡಿಮೆಯಾಗುವುದು ಎಂಟೂವರೆಯ ನಂತರ. ಮರಳಿ ಬರುವಾಗ ಅದೇ ರಸ್ತೆ ಬೇರೊಂದು ಊರಿನದೆಂಬಂತೆ ಬದಲಾಗಿರುತ್ತದೆ. ಕೋಟೆ ನೋಡಲು ಹೊರಟ ಕಾರುಗಳು, ಜಲಾಶಯದ ದಂಡೆಯಲ್ಲಿ ಮೆಕ್ಕೆಜೋಳ ಸುಡುವವರ ಮುಂದೆ ಅಡ್ಡಾದಿಡ್ಡಿ ನಿಂತ ವಾಹನಗಳು, ಮೊಣಕೈಗೆ ತಾಗುವಂತೆ ಹಾಯುವ ಟೆಂಪೊಗಳು. ಐದರಿಂದ ಎಂಟೂವರೆ, ಇಷ್ಟೇ ನಮ್ಮ ಪಾಲಿನ ಫ್ರಾನ್ಸು. ಅದೂ ಕಡವಾಗಿ ಸಿಕ್ಕಿದ್ದು.

ಈ ಭಾಗದ ಎಲ್ಲ ಸವಾರರೂ ಮೆಚ್ಚುವ ಇನ್ನೊಂದು ದಾರಿ ಮುಳಶಿಯದು. ಚಾಂದನಿ ಚೌಕ ದಾಟಿ, ಭೂಗಾವ, ಪಿರಂಗುಟ, ಪೌಡಗಳ ಮೇಲೆ ಸಾಗಿ ಮುಳಶಿ ಸರೋವರ ಮುಟ್ಟಿದರೆ ಸುತ್ತಲೂ ಸಹ್ಯಾದ್ರಿ, ನಡುವೆ ನೀರು. ಅಂಬೆಮೋಹರ ಭತ್ತ ತೆನೆಗಟ್ಟುವ ದಿನಗಳಲ್ಲಿ ಗದ್ದೆಯಿಂದ ಮಾವಿನ ಹೂವಿನ ಕಂಪು ಬರುತ್ತದೆ. ಆ ಅಕ್ಕಿಯ ಹೆಸರೇ ಅದರಿಂದ ಬಂದದ್ದು. ಸರೋವರದ ಹಿಂಬದಿಯ ರಸ್ತೆಯಲ್ಲಿ ಕೆಲವೊಮ್ಮೆ ಅರ್ಧ ತಾಸಾದರೂ ಒಂದು ವಾಹನ ಎದುರಾಗುವುದಿಲ್ಲ. ಬಹಳ ವರ್ಷ ಆ ಮೌನವನ್ನು ನಾನು ನಿಸರ್ಗದ ಕೊಡುಗೆಯೆಂದೇ ಸವಿದೆ. ಆದರೆ ಆ ನೀರಿನ ಅಡಿಯಲ್ಲಿ ಹಳ್ಳಿಗಳಿವೆ. ಮುಂಬಯಿಗೆ ವಿದ್ಯುತ್ತು ಒದಗಿಸಲು ಟಾಟಾ ಸಂಸ್ಥೆ ಇಲ್ಲಿ ಅಣೆಕಟ್ಟು ಕಟ್ಟಹೊರಟಾಗ, 1921ರಲ್ಲಿ ಮಾವಳರು ಸತ್ಯಾಗ್ರಹ ಹೂಡಿದರು. ಮುಂದಾಳುತನ ವಹಿಸಿದ ಪಾಂಡುರಂಗ ಬಾಪಟರಿಗೆ ‘ಸೇನಾಪತಿ’ ಎಂಬ ಬಿರುದು ಬಂದದ್ದು ಆ ಹೋರಾಟದಿಂದ. ಸತ್ಯಾಗ್ರಹ ಸೋತಿತು, ನೆಲ ಮುಳುಗಿತು. ಬರ್ಗಂಡಿಯಲ್ಲಿ ರೈಲು ನಿಂತು, ಜನ ಊರು ಬಿಟ್ಟು ರಸ್ತೆ ಶಾಂತವಾಯಿತು. ಮುಳಶಿಯಲ್ಲಿ ಊರೇ ಮುಳುಗಿ ದಂಡೆ ಶಾಂತವಾಯಿತು. ಖಾಲಿ ರಸ್ತೆ ತಾನಾಗಿ ಖಾಲಿಯಾಗಿರುವುದು ಅಪರೂಪ. ಯಾರೋ ಅದಕ್ಕೆ ಬೆಲೆ ತೆತ್ತಿರುತ್ತಾರೆ.

ಈ ಮಾತನ್ನು ಇನ್ನೊಂದು ದಿಕ್ಕಿನಿಂದ ನನಗೆ ತಿಳಿಸಿದವರು ನಮ್ಮ ಸೊಸೈಟಿಯ ಹಿರಿಯರೊಬ್ಬರು. ಗದಗ ಕಡೆಯವರು, ಖಡಕಿಯ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಹೋಗುವುದೂ ಬರುವುದೂ ಸೈಕಲ್ಲಿನ ಮೇಲೆಯೇ. ಒಂದು ಸಂಜೆ ಮುಳಶಿಯ ಮೌನವನ್ನು ಬಣ್ಣಿಸುತ್ತಿದ್ದ ನನ್ನನ್ನು ತಡೆದು ಹೇಳಿದರು: ‘ಖಾಲಿ ರಸ್ತಾ, ಖಾಲಿ ರಸ್ತಾ ಅಂತೀರಲ್ಲ, ನಮ್ಮ ಕಾಲದಾಗ ರಸ್ತಾ ಖಾಲಿ ಇರಲಿಲ್ಲರೀ. ಭೋಂಗಾ ಆತಂದ್ರ ತುಂಬಿ ತುಳಕತಿತ್ತು. ಆದರ ತುಂಬಿದ್ದು ಸೈಕಲ್ಲು. ಡಬ್ಬಿ ಕ್ಯಾರಿಯರಿಗೆ ಕಟ್ಟಿದ್ರ ಆತು, ಎಡಕ್ಕ ಬಲಕ್ಕ ಮಾತಾಡಕೋತ ಮನಿ ಮುಟ್ಟತಿದ್ವಿ.’ ಹತ್ತು ವರ್ಷದ ಹಿಂದೆ ಒಂದು ಕಾರು ತಾಗಿ ಕೆಳಗೆ ಬಿದ್ದ ಮೇಲೆ ಅವರು ಸೈಕಲ್ ಬಿಟ್ಟರು. ಅದು ಈಗಲೂ ಜಿನೆಯ ಕೆಳಗೆ ನಿಂತಿದೆ. ದಸರೆಗೆ ತಪ್ಪದೆ ಪೂಜೆಗೊಳ್ಳುತ್ತದೆ.

ಪುಣೆಯನ್ನು ಹಳಬರು ಸೈಕಲ್ಲುಗಳ ಊರೆಂದೇ ಕರೆಯುತ್ತಿದ್ದರು. ಕಾಲೇಜಿನ ಹುಡುಗಿಯರು, ಗುಮಾಸ್ತರು, ಕಾರ್ಖಾನೆಯ ಕೆಲಸಗಾರರು ಎಲ್ಲರಿಗೂ ಅದೇ ವಾಹನ; ತಾಸಿಗಿಷ್ಟೆಂದು ಬಾಡಿಗೆಗೆ ಕೊಡುವ ಅಂಗಡಿಗಳು ಗಲ್ಲಿಗಲ್ಲಿಗೂ. ಆ ಊರು ಮೊದಲು ಸ್ಕೂಟರಿಗೆ, ಆಮೇಲೆ ಕಾರಿಗೆ ಬದಲಾಯಿತು. ಸೈಕಲ್ಲಿಗೆಂದು ಕಟ್ಟಿದ ಪಥಗಳ ಮೇಲೆ ಇಂದು ವಾಹನಗಳು ನಿಲ್ಲುತ್ತವೆ, ಹೂವಿನ ಗಾಡಿಗಳು ನಿಲ್ಲುತ್ತವೆ. 2017ರಲ್ಲಿ ಸಮಗ್ರ ಸೈಕಲ್ ಯೋಜನೆಯೊಂದು ಸಿದ್ಧವಾಯಿತು. ಅದೇ ವರ್ಷದ ಕೊನೆಗೆ ಬೀದಿಬೀದಿಗೆ ಬಂದ ಬಾಡಿಗೆಯ ಬಣ್ಣದ ಸೈಕಲ್ಲುಗಳು ಎರಡು ವರ್ಷ ಕಳೆಯುವಷ್ಟರಲ್ಲಿ ಕಣ್ಮರೆಯಾದವು. ನಮ್ಮಂಥ ಭಾನುವಾರದ ಸವಾರರು ಊರು ಬಿಟ್ಟು ಹೊರಗೆ ಓಡುವುದು ಊರೊಳಗೆ ನಮಗೆ ಜಾಗವಿಲ್ಲದ್ದಕ್ಕೆ.

ನಮಗೆ ಓಡಿಹೋಗಲು ಒಂದು ಭಾನುವಾರವಾದರೂ ಇದೆ. ಕಳೆದ ವರ್ಷ ರಜೆ ಹಾಕಿ ವಾರದ ನಡುವೆ ಮುಳಶಿಗೆ ಹೋದಾಗ, ಮರಳುವ ದಾರಿಯಲ್ಲಿ ಭಾನುವಾರ ನನಗೆ ಎಂದೂ ಕಾಣದ ದೃಶ್ಯ ಕಂಡಿತು. ಪೌಡದಿಂದ ಪಿರಂಗುಟದವರೆಗೆ, ಲಾರಿಗಳ ಧೂಳಿನಲ್ಲಿ, ರಸ್ತೆಯ ಡಾಂಬರು ಮುಗಿದು ಮಣ್ಣು ಶುರುವಾಗುವ ಗೇಣಗಲದ ಅಂಚಿನಲ್ಲಿ ಸಮವಸ್ತ್ರದ ಹುಡುಗಿಯರು ಒಬ್ಬರ ಹಿಂದೊಬ್ಬರಂತೆ ಸೈಕಲ್ ತುಳಿಯುತ್ತಿದ್ದರು. ಕೆಲವರ ಕಾಲು ಪೆಡಲಿಗೆ ಸರಿಯಾಗಿ ಎಟುಕುತ್ತಿರಲಿಲ್ಲ. ಅಣ್ಣನದೋ ಅಪ್ಪನದೋ ಸೈಕಲ್ ಇರಬೇಕು. ತಲೆಗೆ ಹೆಲ್ಮೆಟ್ಟಿಲ್ಲ, ಹಿಂದೆ ಮಿನುಗುವ ದೀಪವಿಲ್ಲ, ಹೊತ್ತು ಆರಿಸಿಕೊಳ್ಳುವ ಸ್ವಾತಂತ್ರ್ಯವಿಲ್ಲ. ಶಾಲೆಯ ಗಂಟೆ ಬಾರಿಸುವುದು ರಸ್ತೆ ಖಾಲಿ ಇರುವ ಹೊತ್ತಿಗಲ್ಲವಲ್ಲ. ನಮ್ಮ ಕರ್ನಾಟಕದಲ್ಲಿ ಸರ್ಕಾರ 2006–07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿದ್ದು ನೆನಪಾಯಿತು. ಎಷ್ಟೋ ಹೆಣ್ಣುಮಕ್ಕಳಿಗೆ ಶಾಲೆ ಹತ್ತಿರವಾದದ್ದು ಆ ಎರಡು ಚಕ್ರಗಳಿಂದ. ಸೈಕಲ್ ಕೊಡುವುದನ್ನು ಕಲಿತೆವು. ಅದು ಓಡಬೇಕಾದ ರಸ್ತೆಯನ್ನು ಕೊಡುವುದನ್ನು ಎಲ್ಲಿಯೂ ಇನ್ನೂ ಕಲಿತಿಲ್ಲ.

ಆ ವಾರವೇ ಒಂಬತ್ತನೆಯ ತರಗತಿಯ ಮಗಳು ಕೇಳಿದಳು: ‘ಅಪ್ಪಾ, ನಾನೂ ಸೈಕಲ್ ಮ್ಯಾಲ ಶಾಲೀಗೆ ಹೋಗ್ಲೇನು?’ ಶಾಲೆ ಇರುವುದು ಮೂರು ಕಿಲೋಮೀಟರು ದೂರದಲ್ಲಿ. ಭಾನುವಾರ ಎಂಬತ್ತು ಕಿಲೋಮೀಟರು ತುಳಿಯುವ ತಂದೆಗೆ ಆ ಮೂರು ಕಿಲೋಮೀಟರಿಗೆ ‘ಹೂಂ’ ಎನ್ನುವ ಧೈರ್ಯ ಬರಲಿಲ್ಲ. ನಡುವೆ ಎರಡು ದೊಡ್ಡ ಚೌಕಗಳು, ಒಂದು ಮೇಲ್ಸೇತುವೆಯ ಇಳಿಜಾರು. ಅಂದಿನಿಂದ ಗೆಳೆಯರ ಪತ್ರದಂಥ ವರ್ಣನೆಗಳನ್ನು ಓದುವಾಗ ದ್ರಾಕ್ಷಿ ತೋಟಕ್ಕಿಂತ ಬೇರೆಯದೇ ಕಡೆ ನನ್ನ ಕಣ್ಣು ಹೋಗುತ್ತದೆ. ಅದೇ ಫ್ರಾನ್ಸಿನ ರಾಜಧಾನಿ ಪ್ಯಾರಿಸ್ಸಿನಲ್ಲಿ 2020ರಿಂದೀಚೆಗೆ ಇನ್ನೂರಕ್ಕೂ ಹೆಚ್ಚು ಶಾಲೆಗಳ ಮುಂದಿನ ಬೀದಿಗಳನ್ನು ಕಾರುಗಳಿಗೆ ಮುಚ್ಚಿದ್ದಾರೆ. ಬಾರ್ಸಿಲೋನಾದಲ್ಲಿ ತಂದೆತಾಯಂದಿರು ಮಕ್ಕಳನ್ನು ಗುಂಪು ಕಟ್ಟಿಸಿ, ಹಿಂದೆ ಮುಂದೆ ತಾವು ನಿಂತು ಸೈಕಲ್ಲಿನಲ್ಲಿ ಶಾಲೆಗೆ ಮುಟ್ಟಿಸುತ್ತಾರೆ. ಅದಕ್ಕೆ ‘ಸೈಕಲ್ ಬಸ್ಸು’ ಎಂದು ಹೆಸರು. ಅಷ್ಟು ದೂರ ಹೋಗುವುದೇಕೆ, ನಮ್ಮ ಪುಣೆಯಲ್ಲಿಯೇ 2021ರಿಂದ ಡಿಸೆಂಬರ್ 11ರಂದು ಲಕ್ಷ್ಮೀ ರಸ್ತೆಯನ್ನು ವಾಹನಗಳಿಗೆ ಮುಚ್ಚಿ ಪಾದಚಾರಿ ದಿನ ಆಚರಿಸುತ್ತಿದ್ದಾರೆ. ಊರಿನ ಅತಿ ಗಿಜಿಗುಡುವ ಪೇಟೆಯ ಬೀದಿಯಲ್ಲಿ ಅಂದು ಮಕ್ಕಳು ರಂಗೋಲಿ ಬಿಡಿಸುತ್ತಾರೆ. ಒಂದು ದಿನ ಆಗುವುದು ಇನ್ನೊಂದು ದಿನವೂ ಆಗಬಲ್ಲದು.

ನಮ್ಮ ಸೊಸೈಟಿಯ ಆರು ಮಕ್ಕಳು ಈಗ ಶನಿವಾರ ಬೆಳಿಗ್ಗೆ ಏಳಕ್ಕೆ ಸೈಕಲ್ಲಿನಲ್ಲಿ ಶಾಲೆಗೆ ಹೊರಡುತ್ತಾರೆ. ಮುಂದೆ ಒಬ್ಬ ತಾಯಿ, ಹಿಂದೆ ನಾನು. ಮೊದಲನೆಯ ಚೌಕದಲ್ಲಿ ಗದಗಿನ ಹಿರಿಯರು ಬಿಳಿಯ ಟೋಪಿ ಹಾಕಿ, ಕೈಯೆತ್ತಿ ನಿಲ್ಲುತ್ತಾರೆ. ರಿಕ್ಷಾದವರು ಗೊಣಗುತ್ತಲಾದರೂ ನಿಲ್ಲಿಸುತ್ತಾರೆ. ಉಳಿದ ಐದು ದಿನ ಮಗಳು ಶಾಲೆಯ ವ್ಯಾನಿನಲ್ಲೇ ಹೋಗುತ್ತಾಳೆ. ಆ ಐದು ದಿನಗಳನ್ನು ಗೆದ್ದುಕೊಳ್ಳುವ ದಾರಿ ನಮಗಿನ್ನೂ ಸಿಕ್ಕಿಲ್ಲ. ಮುಳಶಿಯ ಮೌನದ ಮೇಲಿನ ನನ್ನ ಪ್ರೀತಿಯೇನೂ ಕುಂದಿಲ್ಲ. ಆದರೆ ಆ ಮೂರು ಕಿಲೋಮೀಟರಿನಲ್ಲಿ ಮಕ್ಕಳು ಸರದಿಯಂತೆ ಗಂಟೆ ಬಾರಿಸುತ್ತ, ಎಡಕ್ಕೆ ಬಲಕ್ಕೆ ಮಾತಾಡುತ್ತ ಸಾಗುವಾಗ, ಖಾಲಿ ರಸ್ತೆಗಿಂತ ಸೈಕಲ್ಲುಗಳಿಂದ ತುಂಬಿದ ರಸ್ತೆಯೇ ಹೆಚ್ಚು ನೆಮ್ಮದಿಯದೆಂದು ನನಗೆ ಅನ್ನಿಸುತ್ತದೆ.