ಕೈಬಿಟ್ಟ ಹೊದಿಕೆ

ದುರ್ಗಿಗುಡಿಯ ಮನೆಯೊಂದರಲ್ಲಿ ಮಕ್ಕಳೊಡನೆ ಕುಳಿತು, ಸೆಮಿನರಿಯ ದಿನಗಳಲ್ಲಿ ಕಂಡಿದ್ದ ‘ಎ ಚಾರ್ಲಿ ಬ್ರೌನ್ ಕ್ರಿಸ್ಮಸ್’ ಎಂಬ 1965ರ ಅಮೆರಿಕದ ಟಿ.ವಿ. ಕಾರ್ಟೂನ್ ಚಿತ್ರವನ್ನು ಮತ್ತೆ ನೋಡಿದೆ.

ಹಬ್ಬವೆಲ್ಲ ವ್ಯಾಪಾರವಾಯಿತೆಂದು ಚಾರ್ಲಿ ಕೊರಗುವಾಗ, ಗೆಳೆಯ ಲೈನಸ್ ಲೂಕನ ಶುಭಸಂದೇಶದಿಂದ ಕ್ರಿಸ್ತಜನನದ ವೃತ್ತಾಂತವನ್ನು ಹೇಳುತ್ತಾನೆ. ದೇವದೂತನು ಕುರುಬರಿಗೆ ಅಭಯವೀಯುವ ಮಾತು ಬಂದೊಡನೆ, ಸದಾ ಹಿಡಿದಿರುವ ಹೊದಿಕೆಯನ್ನು ಕೈಬಿಡುತ್ತಾನೆ. ಅಂದು ನಾನಿದನ್ನು ಗಮನಿಸಿರಲಿಲ್ಲ. ಪಕ್ಕದಲ್ಲಿದ್ದ ಪುಟ್ಟ ಹುಡುಗಿ ಗಮನಿಸಿದಳು: “ಫಾದರ್, ಅವನಿಗೀಗ ಭಯವಿಲ್ಲ!”

ಆಸ್ತಿಯ ಮಾತಿಗೆ ಮುನಿದ ತಮ್ಮನೊಡನೆ ನಾನು ಆರು ವರ್ಷ ಮಾತಾಡಿರಲಿಲ್ಲ. ಪ್ರತಿ ಕ್ರಿಸ್ತಜಯಂತಿಗೂ ಬಲಿಪೀಠದಿಂದ ಶಾಂತಿಯನ್ನು ಸಾರುತ್ತಿದ್ದೆ. ಅವನು ಫೋನ್ ಎತ್ತದಿದ್ದರೆ ಎಂಬ ಅಂಜಿಕೆಯನ್ನು ಸ್ವಾಭಿಮಾನದ ಹೊದಿಕೆಯಲ್ಲಿ ಮುಚ್ಚಿಟ್ಟಿದ್ದೆ.

ಆ ರಾತ್ರಿ ಫೋನ್ ಮಾಡಿದೆ. “ಅಣ್ಣಾ” ಎಂದವನು ಮುಂದೆ ಮಾತಾಡಲಿಲ್ಲ. ನನಗೂ ಮಾತು ಬರಲಿಲ್ಲ.

ಪ್ರಿಯರೇ, ನಿಮ್ಮ ಕೈಯಲ್ಲಿರುವ ಹೊದಿಕೆ ಯಾವುದು?