ಅಬ್ಬಾ ಬಂತು, ಮ್ಯಾನೇಜರ್ ಬಂತು

ಎಂಟನೇ ತರಗತಿಯಲ್ಲಿದ್ದಾಗ ಒಂದು ದಿನ ಕನ್ನಡ ಮೇಷ್ಟ್ರು, "ನಿನ್ನೆ ಯಾಕಮ್ಮಾ ಬರಲಿಲ್ಲ?" ಎಂದು ಕೇಳಿದರು. ನಾನು ಎದ್ದು ನಿಂತು, "ಊರಿಂದ ಅಬ್ಬಾ ಬಂತು ಸಾರ್" ಎಂದೆ. ಇಡೀ ಕ್ಲಾಸು ನಕ್ಕಿತು.

ಆರ್.ಟಿ. ನಗರದ ನಮ್ಮ ಮನೆಯ ಮಾತು ದಖ್ಖನಿ ಉರ್ದು. ಉರ್ದುವಿನಲ್ಲಿ ನಪುಂಸಕ ಲಿಂಗವೇ ಇಲ್ಲ. ಕುರ್ಚಿ ಸ್ತ್ರೀಲಿಂಗ, ಮನೆ ಪುಲ್ಲಿಂಗ. ಯಾವುದಕ್ಕೆ 'ಬಂತು', ಯಾರಿಗೆ 'ಬಂದರು' ಎಂಬುದು ನನ್ನ ನಾಲಿಗೆಗೆ ಇನ್ನೂ ಹತ್ತಿರಲಿಲ್ಲ. ಆ ದಿನದಿಂದ ಎರಡು ವರ್ಷ ನಾನು ಶಾಲೆಯಲ್ಲಿ ಕನ್ನಡ ಬರೆದೆ, ಓದಿದೆ, ಆದರೆ ಬಾಯಿಬಿಟ್ಟು ಮಾತಾಡಲಿಲ್ಲ. ಈ ಕಾಲೇಜಿಗೆ ಸೇರಿದ ಮೇಲೆಯೇ ನನ್ನ ಮಾತು ಮರಳಿ ಬಂದದ್ದು.

ಈಗ ನಾನು ಹೆಬ್ಬಾಳದ ಹತ್ತಿರದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದೇನೆ. ನಮ್ಮ ತಂಡಕ್ಕೆ ಜರ್ಮನಿಯಿಂದ ಮೂವರು ಸಹೋದ್ಯೋಗಿಗಳು ಬಂದಿದ್ದಾರೆ. ಪ್ರತಿ ಗುರುವಾರ ಊಟವಾದ ಮೇಲೆ ಅರ್ಧ ಗಂಟೆ ಎಲ್ಲರೂ ಕೂಡುತ್ತೇವೆ. ಮೊದಲ ಕಾಲು ಗಂಟೆ ನಾವು ಜರ್ಮನ್ ಮಾತಾಡಬೇಕು, ಉಳಿದ ಕಾಲು ಗಂಟೆ ಅವರು ಕನ್ನಡ ಮಾತಾಡಬೇಕು.

ಒಮ್ಮೆ ಟೀ ಕುಡಿಯುವಾಗ ಸಕ್ಕರೆಯ ಮಾತು ಬಂತು. ಜರ್ಮನ್‌ನಲ್ಲಿ ಅದು 'ಝುಕರ್'. ಅರಬಿಯಲ್ಲಿ 'ಸುಕ್ಕರ್', ನಮ್ಮ ಮನೆಯಲ್ಲಿ 'ಶಕ್ಕರ್'. ಸಂಸ್ಕೃತದ 'ಶರ್ಕರಾ' ಹೊರಟ ಪ್ರಯಾಣ ಅದು. ಒಂದು ಚಮಚ ಸಕ್ಕರೆಯಲ್ಲಿ ನಾವೆಲ್ಲ ನೆಂಟರಾಗಿದ್ದೆವು!

ಆದರೆ ಹೇಳಬೇಕಾದದ್ದು ಬೇರೆ ಒಂದು ಗುರುವಾರದ ವಿಷಯ. ಅಂದು ಒಬ್ಬ ಜರ್ಮನ್ ಸಹೋದ್ಯೋಗಿ ಬಾಗಿಲ ಕಡೆ ನೋಡಿ, "ಮ್ಯಾನೇಜರ್ ಬಂತು" ಎಂದರು. ನಾನು ಜೋರಾಗಿ ನಕ್ಕುಬಿಟ್ಟೆ. ಹೌದು, ನಾನೇ.

ಅವರು ಬೇಸರ ಮಾಡಿಕೊಳ್ಳಲಿಲ್ಲ. "ಏನು ತಪ್ಪು?" ಎಂದು ಕೇಳಿ, 'ಬಂದರು' ಎಂದು ಪುಸ್ತಕದಲ್ಲಿ ಬರೆದುಕೊಂಡರು. ಆಮೇಲೆ, "ನಮ್ಮ ಭಾಷೆಯಲ್ಲಿ ಹುಡುಗಿ ಎನ್ನುವ ಪದವೇ ನಪುಂಸಕ ಲಿಂಗ, ಗೊತ್ತಾ?" ಎಂದರು. ನಿಜ, 'ದಾಸ್ ಮೇಡ್‌ಷೆನ್'. ಕನ್ನಡದಲ್ಲಿ ಮಗು 'ಬಂತು' ಆಗುವ ಹಾಗೆ.

ನೊಂದವನು ಬೇರೆ ಒಬ್ಬ. ಯಲಹಂಕದ ಕಡೆಯಿಂದ ಬರುವ ಹೊಸ ಹುಡುಗ, ಕನ್ನಡ ಮಾಧ್ಯಮದಲ್ಲಿ ಓದಿದವನು, ಅಂದೇ ಮೊದಲ ಸಲ ಜರ್ಮನ್‌ನಲ್ಲಿ ತನ್ನ ಪರಿಚಯ ಹೇಳಿಕೊಳ್ಳಲು ಬರೆದುಕೊಂಡು ಬಂದಿದ್ದ. ನನ್ನ ನಗು ಕೇಳಿದವನೇ ಆ ಹಾಳೆ ಮಡಿಸಿ ಜೇಬಿಗಿಟ್ಟುಕೊಂಡ. ಮುಂದಿನ ಗುರುವಾರ ಅವನು ಬರಲಿಲ್ಲ. ಎಂಟನೇ ತರಗತಿಯ ಆ ಬೆಂಚು ನನ್ನ ಕಣ್ಣ ಮುಂದೆ ಬಂತು. ಈಗ ನಗುವವರ ಸಾಲಿನಲ್ಲಿ ನಾನಿದ್ದೆ.

ಅವನ ಸೀಟಿನ ಹತ್ತಿರ ಹೋಗಿ 'ಅಬ್ಬಾ ಬಂತು' ಕಥೆ ಹೇಳಿದೆ. "ನಕ್ಕದ್ದು ತಪ್ಪಾಯ್ತು" ಎಂದೂ ಹೇಳಿದೆ. ಅವನು ಏನೂ ಅನ್ನಲಿಲ್ಲ. ಎರಡು ವಾರ ಕಳೆದ ಮೇಲೆ ಬಂದು, ಅದೇ ಮಡಿಸಿದ ಹಾಳೆ ತೆಗೆದು, ನಿಧಾನವಾಗಿ ಓದಿದ. ಮೂರು ತಪ್ಪುಗಳಿದ್ದವು. ಯಾರೂ ನಗಲಿಲ್ಲ.

ನಮ್ಮ ಕನ್ನಡಕ್ಕೆ 1894ರಲ್ಲಿ ದೊಡ್ಡ ನಿಘಂಟು ಕೊಟ್ಟ ಫರ್ಡಿನಾಂಡ್ ಕಿಟ್ಟೆಲ್ ಕೂಡ ಜರ್ಮನ್ನರೇ. ಸುಮಾರು 70,000 ಪದಗಳನ್ನು ಕೂಡಿಸಿದ ಅವರೂ ಶುರುವಿನಲ್ಲಿ ಎಷ್ಟು ಸಲ ತಪ್ಪು ಮಾತಾಡಿರಬೇಕು! ಆಗ ಎದುರಿಗಿದ್ದವರು ನಕ್ಕು ಬಾಯಿ ಮುಚ್ಚಿಸಿದ್ದರೆ?

ಪ್ರೀತಿಯ ತಮ್ಮ ತಂಗಿಯರೇ, ನಿಮ್ಮ ಕ್ಲಾಸಿನಲ್ಲೂ ಕನ್ನಡಕ್ಕೋ ಇಂಗ್ಲಿಷಿಗೋ ಹೆದರಿ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತವರು ಇರುತ್ತಾರೆ. ಅವರು ತಪ್ಪು ಮಾತಾಡಿದರೆ ಸರಿ ಪದವನ್ನು ಮೆಲ್ಲಗೆ ಹೇಳಿಕೊಡಿ, ನಗಬೇಡಿ. ಹಾಗೆ ಸುಮ್ಮನೆ ಕೂತವರು ನೀವೇ ಆಗಿದ್ದರೆ, ನಾಳೆ ಒಂದು ವಾಕ್ಯ ಮಾತಾಡಿ. ತಪ್ಪಾದರೂ ಆಗಲಿ.